ಮೂರು ಖಾಲಿ ಜಾಗ, ಐದು ಯಂತ್ರ: ಎಫ್‌ಟಿಎಲ್‌ನಲ್ಲಿ ಯಾವ ಶತ್ರುವಿಗೆ ಯಾವ ಉಪಕರಣ?

ಎಫ್‌ಟಿಎಲ್ ಎಂಬ ಬಾಹ್ಯಾಕಾಶ ಕಾಳಗದ ವಿಡಿಯೊ ಗೇಮ್‌ನಲ್ಲಿ ಏಳನೇ ಸೆಕ್ಟರ್ ತನಕ ನನ್ನ ಹಡಗು ಚೆನ್ನಾಗಿಯೇ ಬಂದಿತ್ತು. ನಮ್ಮವರನ್ನು ಶತ್ರುವಿನ ಹಡಗಿಗೆ ಇಳಿಸುವ ಟೆಲಿಪೋರ್ಟರ್ ಇತ್ತು, ಶತ್ರುವಿನ ಸಿಬ್ಬಂದಿಯನ್ನು ಸ್ವಲ್ಪ ಹೊತ್ತು ನಮ್ಮ ಕಡೆ ಎಳೆಯುವ ಮೈಂಡ್ ಕಂಟ್ರೋಲ್ ಇತ್ತು, ಜಗಳಕ್ಕೆ ಹೇಳಿ ಮಾಡಿಸಿದಂಥ ಮ್ಯಾಂಟಿಸ್ ಕುಲದ ಇಬ್ಬರು ಸಿಬ್ಬಂದಿ ಇದ್ದರು. ಎದುರಿಗೆ ಬಂದ ಹಡಗಿಗೆ ನುಗ್ಗುವುದು, ಅಲ್ಲಿನ ಸಿಬ್ಬಂದಿಯನ್ನು ಮುಗಿಸುವುದು, ಸ್ಕ್ರಾಪ್ (ಈ ಆಟದ ಹಣ) ಬಾಚಿಕೊಂಡು ಮುಂದೆ ಹೋಗುವುದು. ಆಮೇಲೆ ಒಂದು ಆಟೊಮೇಟೆಡ್ ಹಡಗು ಎದುರಾಯಿತು. ಅದರೊಳಗೆ ಜನ ಇಲ್ಲ, ಉಸಿರಾಡಲು ಆಮ್ಲಜನಕವೂ ಇಲ್ಲ. ಮ್ಯಾಂಟಿಸ್‌ಗಳನ್ನು ಕಳಿಸಿದರೆ ಉಸಿರುಗಟ್ಟಿ ಸಾಯುತ್ತಾರೆ. ಮೈಂಡ್ ಕಂಟ್ರೋಲ್ ಮಾಡೋಣ ಎಂದರೆ ಮನಸ್ಸೇ ಇಲ್ಲ. ನನ್ನ ಹತ್ತಿರ ಇದ್ದ ಒಂದು ಸಣ್ಣ ಲೇಸರ್‌ಗೆ ಅದರ ಮೂರು ಪದರದ ಶೀಲ್ಡ್ ಒಡೆಯಲಾಗಲಿಲ್ಲ. ಎರಡು ಗಂಟೆಯ ಆಟ ಅಲ್ಲಿಗೇ ಮುಗಿಯಿತು.

ಆ ಸೋಲಿಗೆ ಕಾರಣ ದುರದೃಷ್ಟ ಅಲ್ಲ. ನಾನು ಕೊಂಡ ಎರಡೂ ಯಂತ್ರಗಳಿಗೆ ಒಂದೇ ಮದ್ದು ಸಾಕಾಗಿತ್ತು. ಎಫ್‌ಟಿಎಲ್ ಆಡುವ ಹೊಸಬರಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ ಅನ್ನಿಸುತ್ತದೆ. ಅದಕ್ಕೇ ಇದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಎಫ್‌ಟಿಎಲ್, ಅಂದರೆ ಫಾಸ್ಟರ್ ದ್ಯಾನ್ ಲೈಟ್, 2012ರ ಸೆಪ್ಟೆಂಬರ್‌ನಲ್ಲಿ ಬಂತು. ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಎಂಬ ಇಬ್ಬರ ಪುಟ್ಟ ಸಂಸ್ಥೆ ಸಬ್‌ಸೆಟ್ ಗೇಮ್ಸ್ ಇದನ್ನು ಮಾಡಿತು. 2014ರ ಏಪ್ರಿಲ್‌ನಲ್ಲಿ ಅಡ್ವಾನ್ಸ್ಡ್ ಎಡಿಷನ್ ಉಚಿತವಾಗಿ ಬಂತು. ಹ್ಯಾಕಿಂಗ್, ಮೈಂಡ್ ಕಂಟ್ರೋಲ್, ಬ್ಯಾಕಪ್ ಬ್ಯಾಟರಿ, ಕ್ಲೋನ್ ಬೇ ಎಲ್ಲ ಸೇರಿದ್ದು ಆಗಲೇ. ಈ ಲೇಖನ ಆ ಆವೃತ್ತಿಯ ಬಗ್ಗೆ. ಎಂಟು ಸೆಕ್ಟರ್ ದಾಟಬೇಕು, ಕೊನೆಯಲ್ಲಿ ಬಂಡುಕೋರರ ಫ್ಲ್ಯಾಗ್‌ಶಿಪ್ ಕಾಯುತ್ತಿರುತ್ತದೆ. ಹಡಗು ಹೋದರೆ ಆಟ ಹೋಯಿತು, ಮತ್ತೆ ಮೊದಲಿನಿಂದ ಶುರು.

ಮೊದಲ ಹೆಜ್ಜೆ: ಎಷ್ಟು ಜಾಗ ಇದೆ ನೋಡಿಕೊಳ್ಳಿ

ಒಂದು ಹಡಗಿನಲ್ಲಿ ಎಂಟು ಮುಖ್ಯ ವ್ಯವಸ್ಥೆಗಳಿಗೆ ಮಾತ್ರ ಜಾಗ. ಪೈಲಟಿಂಗ್, ಸೆನ್ಸರ್, ಬಾಗಿಲು, ಬ್ಯಾಟರಿ ಈ ಲೆಕ್ಕಕ್ಕೆ ಬರುವುದಿಲ್ಲ. ಶೀಲ್ಡ್, ಎಂಜಿನ್, ಆಮ್ಲಜನಕ, ಆಯುಧ, ಗಾಯ ಗುಣಪಡಿಸುವ ಮೆಡ್‌ಬೇ ಅಥವಾ ಸತ್ತವರನ್ನು ಮರಳಿ ತರುವ ಕ್ಲೋನ್ ಬೇ, ಇವಿಷ್ಟೇ ಐದಾಯಿತು. ಹೆಚ್ಚಿನ ಹಡಗುಗಳಲ್ಲಿ ಇವು ಮೊದಲೇ ಇರುತ್ತವೆ. ಉಳಿಯುವುದು ಮೂರು ಜಾಗ. ಆ ಮೂರಕ್ಕೆ ಐದು ಯಂತ್ರಗಳ ಪೈಪೋಟಿ: ಕ್ಲೋಕಿಂಗ್ (ಹಡಗನ್ನು ಮರೆಮಾಡುವುದು), ಹ್ಯಾಕಿಂಗ್, ಮೈಂಡ್ ಕಂಟ್ರೋಲ್, ಟೆಲಿಪೋರ್ಟರ್, ಡ್ರೋನ್ ಕಂಟ್ರೋಲ್.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ಆಯುಧ ಬೇಡವಾದರೆ ಅಂಗಡಿಯಲ್ಲಿ ಅರ್ಧ ಬೆಲೆಗೆ ಮಾರಬಹುದು. ಒಮ್ಮೆ ಕೂರಿಸಿದ ವ್ಯವಸ್ಥೆಯನ್ನು ಮಾರಲು ಆಗುವುದಿಲ್ಲ. ಎರಡನೇ ಸೆಕ್ಟರ್‌ನಲ್ಲಿ ಕಣ್ಣಿಗೆ ಚೆಂದ ಕಂಡಿತು ಅಂತ ಕೊಂಡದ್ದು ಎಂಟನೇ ಸೆಕ್ಟರ್‌ನಲ್ಲೂ ಆ ಜಾಗ ಹಿಡಿದುಕೊಂಡೇ ಇರುತ್ತದೆ.

ಬೆಲೆಯೂ ಗೊತ್ತಿರಲಿ. ಕ್ಲೋಕಿಂಗ್‌ಗೆ 150 ಸ್ಕ್ರಾಪ್, ಟೆಲಿಪೋರ್ಟರ್‌ಗೆ 90, ಹ್ಯಾಕಿಂಗ್‌ಗೆ 80, ಮೈಂಡ್ ಕಂಟ್ರೋಲ್‌ಗೆ 75. ಬ್ಯಾಟರಿ 35ಕ್ಕೆ ಸಿಗುತ್ತದೆ. ಇವುಗಳ ಪಕ್ಕದಲ್ಲಿ ಶೀಲ್ಡ್ ಬೆಲೆ ಇಟ್ಟು ನೋಡಿ. ಎರಡನೇ ಪದರಕ್ಕೆ ಒಟ್ಟು 50, ಮೂರನೆಯದಕ್ಕೆ ಇನ್ನೂ 100. ಎರಡನೇ ಪದರ ಬರುವ ಮೊದಲು 150 ಕೊಟ್ಟು ಕ್ಲೋಕಿಂಗ್ ಕೊಳ್ಳಬೇಡಿ. ಒಂದೇ ಪದರದ ಹಡಗಿಗೆ ಸಣ್ಣ ಸಣ್ಣ ಲೇಸರ್‌ಗಳೇ ಸಾಕು, ತೂತು ಮಾಡಿಬಿಡುತ್ತವೆ. ಯಾವ ವಿಶೇಷ ಯಂತ್ರವೂ ಆ ಕೊರತೆಯನ್ನು ತುಂಬುವುದಿಲ್ಲ.

ಎರಡನೇ ಹೆಜ್ಜೆ: ಮನೆಯೊಳಗೆ ಕೆಲಸ ಮಾಡುವುದು ಯಾವುದು, ಹೊರಗೆ ಹೋಗುವುದು ಯಾವುದು?

ಇಡೀ ವಿಷಯದ ತಿರುಳು ಇದೇ. ಐದು ಯಂತ್ರಗಳನ್ನು ಎರಡು ಗುಂಪು ಮಾಡಿ ನೋಡಿ.

ಕ್ಲೋಕಿಂಗ್ ನಿಮ್ಮ ಹಡಗಿನ ಮೇಲೆಯೇ ಕೆಲಸ ಮಾಡುತ್ತದೆ. ಡ್ರೋನ್ ಕಂಟ್ರೋಲ್‌ನಿಂದ ನಡೆಸುವ, ಹಡಗನ್ನು ಕಾಯುವ ಡಿಫೆನ್ಸ್ ಡ್ರೋನ್ ಕೂಡ ಹಾಗೆಯೇ. ಎದುರಿಗೆ ಯಾರೇ ಇರಲಿ, ಅವರ ಶೀಲ್ಡ್ ಎಷ್ಟೇ ಇರಲಿ, ಒಳಗೆ ಜನ ಇರಲಿ ಇಲ್ಲದಿರಲಿ, ಇವು ನಡೆಯುತ್ತವೆ. ಇವನ್ನು ನಿಲ್ಲಿಸಬೇಕಾದರೆ ಶತ್ರು ಆ ಕೋಣೆಗೇ ಹೊಡೆಯಬೇಕು ಇಲ್ಲವೇ ಅದನ್ನು ಹ್ಯಾಕ್ ಮಾಡಬೇಕು.

ಹ್ಯಾಕಿಂಗ್, ಮೈಂಡ್ ಕಂಟ್ರೋಲ್, ಟೆಲಿಪೋರ್ಟರ್ ಮೂರೂ ಶತ್ರುವಿನ ಹಡಗನ್ನು ತಲುಪಬೇಕು. ಹೊರಗೆ ಹೋಗುವುದಕ್ಕೆಲ್ಲ ದಾರಿಯಲ್ಲಿ ತಡೆ ಇರುತ್ತದೆ. ಎಲ್ಲಕ್ಕಿಂತ ದೊಡ್ಡ ತಡೆ ಜೋಲ್ಟನ್ ಎಂಬ ಕುಲದವರ ವಿಶೇಷ ಶೀಲ್ಡ್, ಜೋಲ್ಟನ್ ಶೀಲ್ಡ್. ಹಸಿರು ಬಣ್ಣದ ಆ ಹೊದಿಕೆ ಇರುವ ತನಕ ಈ ಮೂರರಲ್ಲಿ ಒಂದೂ ಒಳಗೆ ಹೋಗುವುದಿಲ್ಲ. ಸಾಮಾನ್ಯ ಹಡಗುಗಳಲ್ಲಿ ಅದಕ್ಕೆ ಐದು ಪಾಯಿಂಟ್ ಬಲ. ಮಿಸೈಲ್ ಕೂಡ ಮೊದಲು ಅದನ್ನೇ ಒಡೆಯಬೇಕು. ಜೋಲ್ಟನ್ ಶೀಲ್ಡ್ ಬೈಪಾಸ್ ಎಂಬ ಆಗ್‌ಮೆಂಟೇಷನ್ (ಹಡಗಿಗೆ ಸೇರಿಸುವ ಹೆಚ್ಚುವರಿ ಸಾಧನ) ಇದ್ದರೆ ಮಾತ್ರ ಬೇರೆ ಮಾತು.

ಹಾಗಾಗಿ ನನ್ನ ನಿಯಮ ಹೀಗಿದೆ. ಹೊರಗೆ ಹೋಗುವ ಯಂತ್ರವನ್ನು ಕೊಂಡರೆ, ಅದು ನಡೆಯದ ದಿನ ಹಡಗನ್ನು ಕಾಯಲು ಮನೆಯೊಳಗಿನ ಒಂದು ಯಂತ್ರ ಇರಬೇಕು. ಅದಕ್ಕೆ ಸ್ಕ್ರಾಪ್ ಇಲ್ಲದಿದ್ದರೆ, ಕೊನೆಗೆ ನಾಲ್ಕು ಪದರದ ಶೀಲ್ಡ್ ಒಡೆಯಬಲ್ಲ ಆಯುಧಗಳಾದರೂ ಇರಬೇಕು. ಏಳನೇ ಸೆಕ್ಟರ್‌ನಲ್ಲಿ ನನ್ನ ಹತ್ತಿರ ಎರಡೂ ಇರಲಿಲ್ಲ.

ಮೂರನೇ ಹೆಜ್ಜೆ: ಹ್ಯಾಕಿಂಗ್ ಕಲಿಯಿರಿ

ಒಂದೇ ಒಂದನ್ನು ಆರಿಸು ಅಂದರೆ ನಾನು ಹ್ಯಾಕಿಂಗ್ ಆರಿಸುತ್ತೇನೆ. 80 ಸ್ಕ್ರಾಪ್‌ಗೆ ಇಷ್ಟು ಕೆಲಸ ಮಾಡುವ ಯಂತ್ರ ಈ ಆಟದಲ್ಲಿ ಬೇರೆ ಇಲ್ಲ.

ಅದು ನಡೆಯುವ ರೀತಿ ಹೀಗೆ. ಶತ್ರುವಿನ ಒಂದು ಕೋಣೆಯನ್ನು ಆರಿಸಿದರೆ ಅಲ್ಲಿಗೆ ಒಂದು ಡ್ರೋನ್ ಹಾರಿ ಹೋಗಿ ಅಂಟಿಕೊಳ್ಳುತ್ತದೆ. ಪ್ರತಿ ಕಾಳಗಕ್ಕೆ ಒಂದು ಡ್ರೋನ್ ಪಾರ್ಟ್ ಖರ್ಚು. ಅಂಟಿಕೊಂಡ ಮೇಲೆ ಆ ಕೋಣೆಯ ಬಾಗಿಲು ಬಿಗಿಯಾಗುತ್ತದೆ, ಒಳಗೆ ಏನಿದೆ ಅಂತ ನಿಮಗೆ ಕಾಣುತ್ತದೆ. ಆಮೇಲೆ ಬೇಕೆಂದಾಗ ಹ್ಯಾಕ್ ಚಾಲೂ ಮಾಡಬಹುದು. ಮೊದಲ ಹಂತದಲ್ಲಿ 4 ಸೆಕೆಂಡ್, ಎರಡರಲ್ಲಿ 7, ಮೂರರಲ್ಲಿ 10. ಮುಗಿದ ಮೇಲೆ 20 ಸೆಕೆಂಡ್ ಕಾಯಬೇಕು.

ಯಾವ ಕೋಣೆಗೆ ಕಳಿಸಬೇಕು? ಇದು ಎದುರಿಗಿರುವ ಹಡಗಿನ ಮೇಲೆ ನಿಂತಿದೆ. ಕಾಳಗ ಶುರುವಾದ ಕೂಡಲೇ ಸ್ಪೇಸ್ ಬಾರ್ ಒತ್ತಿ ಆಟ ನಿಲ್ಲಿಸಿ. ಅವರ ಆಯುಧಗಳನ್ನು, ಶೀಲ್ಡ್ ಪದರಗಳನ್ನು ನೋಡಿ.

ಅವರ ಶೀಲ್ಡ್ ಒಡೆಯಲು ನಿಮ್ಮ ಆಯುಧ ಸಾಲದು ಅನ್ನಿಸಿದರೆ ಶೀಲ್ಡ್ ಕೋಣೆಗೆ ಕಳಿಸಿ. ಕೆಸ್ಟ್ರೆಲ್ ಹಡಗಿನ ಜೊತೆ ಬರುವ ಬರ್ಸ್ಟ್ ಲೇಸರ್ 2 ಅನ್ನೇ ತೆಗೆದುಕೊಳ್ಳಿ. ಒಂದು ಸಲಕ್ಕೆ ಮೂರು ಗುಂಡು. ಎದುರಿಗೆ ಮೂರು ಪದರ ಇದ್ದರೆ ಮೂರೂ ಗುಂಡು ಪದರ ಕೀಳುವುದಕ್ಕೇ ಮುಗಿಯುತ್ತವೆ, ಹಡಗಿಗೆ ಗೀರೂ ಬೀಳುವುದಿಲ್ಲ. ಶೀಲ್ಡ್ ಹ್ಯಾಕ್ ಆಗಿದ್ದರೆ ಪದರಗಳು ತಾವಾಗಿಯೇ ಒಂದೊಂದಾಗಿ ಇಳಿಯುತ್ತವೆ. ಅಲ್ಲೊಂದು ಸೂಕ್ಷ್ಮ ಇದೆ. ಹ್ಯಾಕ್ ಒತ್ತಿದ ಕ್ಷಣವೇ ಗುಂಡು ಹಾರಿಸಬೇಡಿ. ಒಂದು ಪದರ ಇಳಿಯುವುದು ಕಣ್ಣಿಗೆ ಕಂಡ ಮೇಲೆ ಹಾರಿಸಿ. ಗುಂಡು ಅಲ್ಲಿಗೆ ಹೋಗಿ ತಲುಪುವಷ್ಟರಲ್ಲಿ ಇನ್ನಷ್ಟು ಇಳಿದಿರುತ್ತದೆ. ಹ್ಯಾಲ್ಬರ್ಡ್‌ನಂಥ ಬೀಮ್ (ಕಿರಣದ ಆಯುಧ) ಇದ್ದರಂತೂ ಈ ಎರಡು ಸೆಕೆಂಡ್ ತಾಳ್ಮೆಯೇ ಗೆಲುವು ಸೋಲನ್ನು ತೀರ್ಮಾನಿಸುತ್ತದೆ. ಬೀಮ್‌ನ ಪೆಟ್ಟು ಪ್ರತಿ ಪದರಕ್ಕೆ ಒಂದರಂತೆ ಕಡಿಮೆಯಾಗುತ್ತದೆ. ಪದರವೇ ಇಲ್ಲದಿದ್ದರೆ ಕೋಣೆ ಕೋಣೆಯನ್ನೂ ಸೀಳಿಕೊಂಡು ಹೋಗುತ್ತದೆ.

ನಿಮ್ಮ ಆಯುಧ ಗಟ್ಟಿ, ಅವರ ಆಯುಧವೇ ಭಯ ಹುಟ್ಟಿಸುವಂತಿದೆ ಅನ್ನಿಸಿದರೆ ಆಯುಧದ ಕೋಣೆಗೆ ಕಳಿಸಿ. ಹ್ಯಾಕ್ ನಡೆಯುವಷ್ಟು ಹೊತ್ತು ಅವರ ಆಯುಧಗಳ ಚಾರ್ಜ್ ಹಿಂದಕ್ಕೆ ಓಡುತ್ತದೆ. ಅವು ತುಂಬಲು ಸ್ವಲ್ಪ ಬಾಕಿ ಇರುವಾಗ ಒತ್ತಿದರೆ ಲಾಭ ಜಾಸ್ತಿ. ಖಾಲಿ ಇರುವಾಗ ಒತ್ತಿದರೆ ಹ್ಯಾಕ್ ವ್ಯರ್ಥ, ಹಿಂದಕ್ಕೆ ಹೋಗಲು ಅಲ್ಲಿ ಏನಿರುತ್ತದೆ?

ನಿಮ್ಮ ಗುಂಡುಗಳೆಲ್ಲ ಪಕ್ಕದಲ್ಲಿ ಹಾದು ಹೋಗುತ್ತಿದ್ದರೆ ಪೈಲಟಿಂಗ್ ಅಥವಾ ಎಂಜಿನ್ ಹ್ಯಾಕ್ ಮಾಡಿ. ಅವರ ಇವೇಷನ್, ಅಂದರೆ ಏಟು ತಪ್ಪಿಸಿಕೊಳ್ಳುವ ಸಾಧ್ಯತೆ, ಆ ಹೊತ್ತಿಗೆ ಸೊನ್ನೆಯಾಗುತ್ತದೆ. ಜನ ಇಲ್ಲದ ಆಟೊಮೇಟೆಡ್ ಹಡಗಿನ ಮೇಲೂ ಇದು ನಡೆಯುತ್ತದೆ. ಟೆಲಿಪೋರ್ಟರ್ ಇರುವವರಿಗೆ ಮೆಡ್‌ಬೇ ಹ್ಯಾಕ್ ವರದಾನ. ಗಾಯಗೊಂಡು ಓಡಿಬಂದ ಶತ್ರು ಅಲ್ಲಿ ಗುಣವಾಗುವ ಬದಲು ಇನ್ನಷ್ಟು ಪೆಟ್ಟು ತಿನ್ನುತ್ತಾನೆ. ಬಾಗಿಲು ಬೇರೆ ಬಿಗಿದಿರುತ್ತದೆ.

ಈಗ ಶತ್ರುವಿನ ಪ್ರತ್ಯುತ್ತರ. ಜೋಲ್ಟನ್ ಶೀಲ್ಡ್ ಬಗ್ಗೆ ಹೇಳಿಯಾಯಿತು, ಅದು ಒಡೆಯುವ ತನಕ ಡ್ರೋನ್ ಕಳಿಸಬೇಡಿ. ಎರಡನೆಯದು ಡಿಫೆನ್ಸ್ ಡ್ರೋನ್. ಅದು ಮಿಸೈಲ್‌ಗಳನ್ನು ಹೊಡೆದು ಬೀಳಿಸುವಂತೆ ನಿಮ್ಮ ಹ್ಯಾಕಿಂಗ್ ಡ್ರೋನನ್ನೂ ದಾರಿಯಲ್ಲೇ ಬೀಳಿಸುತ್ತದೆ. ಡ್ರೋನ್ ಪಾರ್ಟ್ ಹೋಯಿತು, ಸಮಯವೂ ಹೋಯಿತು. ಇದಕ್ಕೆ ಒಂದು ಉಪಾಯ ಇದೆ. ಡಿಫೆನ್ಸ್ ಡ್ರೋನ್ ಒಂದು ಸಲ ಹೊಡೆದ ಮೇಲೆ ಮತ್ತೆ ಹೊಡೆಯಲು ಸ್ವಲ್ಪ ಹೊತ್ತು ಬೇಕು. ಮೊದಲು ಮಿಸೈಲ್ ಬಿಡಿ. ಅದರ ಹಿಂದೆಯೇ ಹ್ಯಾಕಿಂಗ್ ಡ್ರೋನ್ ಬಿಡಿ. ಅವರ ಡ್ರೋನ್ ಮಿಸೈಲ್ ಮೇಲೆ ಬಿದ್ದಿರುವಾಗ ನಿಮ್ಮದು ನುಸುಳಿಬಿಡುತ್ತದೆ. ಮಿಸೈಲ್ ಇಲ್ಲದಿದ್ದರೆ ಅವರ ಡ್ರೋನ್ ಕಂಟ್ರೋಲ್ ಕೋಣೆಯನ್ನು ಲೇಸರ್‌ನಿಂದಲೋ, ವ್ಯವಸ್ಥೆಯನ್ನು ಸ್ವಲ್ಪ ಹೊತ್ತು ಸ್ತಬ್ಧಗೊಳಿಸುವ ಅಯಾನ್ ಆಯುಧದಿಂದಲೋ ಮೊದಲು ಕೆಡಿಸಿ. ಬಾಂಬ್ ಇದ್ದರೆ ಇನ್ನೂ ಸುಲಭ. ಬಾಂಬ್ ಹಾರಿಕೊಂಡು ಹೋಗುವುದಿಲ್ಲ, ನೇರವಾಗಿ ಕೋಣೆಯೊಳಗೇ ಪ್ರತ್ಯಕ್ಷವಾಗುತ್ತದೆ. ಡಿಫೆನ್ಸ್ ಡ್ರೋನ್‌ಗೆ ಅದನ್ನು ಹೊಡೆಯಲು ಅವಕಾಶವೇ ಇಲ್ಲ.

ನಾಲ್ಕನೇ ಹೆಜ್ಜೆ: ಕ್ಲೋಕಿಂಗ್ ಒತ್ತುವ ಗಳಿಗೆ

ದುಬಾರಿ ಹೌದು. ಆದರೂ ಆರನೇ ಸೆಕ್ಟರ್ ಹೊತ್ತಿಗೆ ನನ್ನ ಹಡಗಿನಲ್ಲಿ ಇದು ಇಲ್ಲದಿದ್ದರೆ ನನಗೆ ಸಮಾಧಾನ ಇರುವುದಿಲ್ಲ.

ಕ್ಲೋಕಿಂಗ್ ಎರಡು ಕೆಲಸ ಮಾಡುತ್ತದೆ. ನಿಮ್ಮ ಇವೇಷನ್‌ಗೆ 60 ಪರ್ಸೆಂಟ್ ಸೇರಿಸುತ್ತದೆ. ಜೊತೆಗೆ, ನೀವು ಮರೆಯಾಗಿರುವಷ್ಟು ಹೊತ್ತು ಶತ್ರುವಿನ ಆಯುಧ ಚಾರ್ಜ್ ಆಗುವುದಿಲ್ಲ. ಅವಧಿ 5, 10, 15 ಸೆಕೆಂಡ್. ಮುಗಿದ ಮೇಲೆ 20 ಸೆಕೆಂಡ್ ಬಿಡುವು.

ಹೊಸಬರು ಕಾಳಗ ಶುರುವಾದ ಕೂಡಲೇ ಒತ್ತಿಬಿಡುತ್ತಾರೆ. ಆಗ ಎರಡರಲ್ಲಿ ಒಂದೇ ಲಾಭ ಸಿಗುತ್ತದೆ, ಅವರ ಚಾರ್ಜ್ ಸ್ವಲ್ಪ ತಡವಾಗುತ್ತದೆ ಅಷ್ಟೆ. ಸರಿಯಾದ ಗಳಿಗೆ ಯಾವುದು ಅಂದರೆ, ಅವರು ಗುಂಡು ಹಾರಿಸಿ ಆಗಿದೆ, ಗುಂಡುಗಳು ಇನ್ನೂ ನಿಮ್ಮನ್ನು ತಲುಪಿಲ್ಲ. ಆ ಎರಡರ ನಡುವೆ ಒತ್ತಿ. ಹಾರಿಬರುತ್ತಿರುವ ಗುಂಡುಗಳೂ ತಪ್ಪುತ್ತವೆ, ಮುಂದಿನ ಸುತ್ತೂ ತಡವಾಗುತ್ತದೆ. ಸ್ಪೇಸ್ ಬಾರ್ ಮೇಲೆ ಬೆರಳು ಇಟ್ಟುಕೊಂಡೇ ಕೂತಿರಿ.

ಇವೇಷನ್ ಲೆಕ್ಕ ಇಲ್ಲಿ ಬಹಳ ಮುಖ್ಯ. 60 ಸೇರಿಸಿದಾಗ 100 ಆಗಬೇಕಾದರೆ ನಿಮ್ಮ ಹತ್ತಿರ ಮೊದಲೇ 40 ಇರಬೇಕು. ಎಂಜಿನ್ ನಾಲ್ಕನೇ ಹಂತದಲ್ಲಿದ್ದರೆ 20. ಪೂರ್ತಿ ಪಳಗಿದ ಪೈಲಟ್ 10 ಕೊಡುತ್ತಾನೆ, ಪೂರ್ತಿ ಪಳಗಿದ ಎಂಜಿನ್ ಸಿಬ್ಬಂದಿ ಇನ್ನೊಂದು 10. ಅಲ್ಲಿಗೆ 40 ಆಯಿತು. ಆಮೇಲೆ ಕ್ಲೋಕಿಂಗ್‌ನಲ್ಲಿರುವಾಗ ಯಾವ ಲೇಸರ್ರೂ ಯಾವ ಮಿಸೈಲೂ ತಾಕುವುದಿಲ್ಲ. ಸಿಬ್ಬಂದಿ ಇನ್ನೂ ಹೊಸಬರಾದರೆ ಒಬ್ಬೊಬ್ಬರಿಂದ ಐದೇ ಸಿಗುತ್ತದೆ. ಎಂಜಿನನ್ನು ಆರನೇ ಹಂತಕ್ಕೆ ಒಯ್ದರೂ 28 ಮಾತ್ರ, ಒಟ್ಟು 38. ಅದಕ್ಕೇ ಪೈಲಟ್‌ನನ್ನು ಮೊದಲ ಸೆಕ್ಟರ್‌ನಿಂದಲೇ ಆ ಕುರ್ಚಿಯಲ್ಲಿ ಕೂರಿಸಿ. ಅಲ್ಲಿಂದ ಇಲ್ಲಿಗೆ ಸುಮ್ನೆ ಓಡಾಡಿಸಬೇಡಿ.

ಕ್ಲೋಕಿಂಗ್‌ಗೂ ಮಿತಿ ಇದೆ. ಬೀಮ್ ಯಾವತ್ತೂ ಗುರಿ ತಪ್ಪುವುದಿಲ್ಲ, ಇವೇಷನ್ ಎಷ್ಟೇ ಇರಲಿ. ಬೀಮ್ ಇರುವ ಹಡಗಿನ ಎದುರು ಶೀಲ್ಡ್ ಪದರ ಉಳಿಸಿಕೊಳ್ಳುವುದೇ ದಾರಿ. ಅವರು ಮೊದಲು ಲೇಸರ್‌ನಿಂದ ನಿಮ್ಮ ಪದರ ಕಿತ್ತು ಆಮೇಲೆ ಬೀಮ್ ಬಿಡುತ್ತಾರೆ. ನೀವು ಆ ಲೇಸರ್‌ಗಳನ್ನು ಕ್ಲೋಕಿಂಗ್‌ನಿಂದ ತಪ್ಪಿಸಿಕೊಂಡರೆ ಬೀಮ್ ಬಂದು ಶೀಲ್ಡ್‌ಗೆ ಬಡಿದು ನಿಲ್ಲುತ್ತದೆ. ಇನ್ನೊಂದು ವಿಷಯ, ಮರೆಯಾಗಿರುವಾಗ ನೀವೇ ಗುಂಡು ಹಾರಿಸಿದರೆ ಕ್ಲೋಕಿಂಗ್ ಅವಧಿ ಕಡಿಮೆಯಾಗುತ್ತದೆ. ಆಟೊಫೈರ್ ಆನ್ ಆಗಿದ್ದರೆ ಮೊದಲು ಅದನ್ನು ಆಫ್ ಮಾಡಿ.

ಐದನೇ ಹೆಜ್ಜೆ: ಟೆಲಿಪೋರ್ಟರ್ ಮತ್ತು ಮೈಂಡ್ ಕಂಟ್ರೋಲ್

ಶತ್ರುವಿನ ಹಡಗನ್ನು ಒಡೆಯದೆ ಸಿಬ್ಬಂದಿಯನ್ನು ಮಾತ್ರ ಮುಗಿಸಿದರೆ ಸ್ಕ್ರಾಪ್ ಜಾಸ್ತಿ ಸಿಗುತ್ತದೆ. ಟೆಲಿಪೋರ್ಟರ್ ಮೇಲೆ ಜನರಿಗೆ ಆಸೆ ಇರುವುದು ಅದಕ್ಕೇ. ಅದು ಕಬಡ್ಡಿಯ ರೈಡ್ ಇದ್ದ ಹಾಗೆ. ಹೋಗುವುದು ದೊಡ್ಡದಲ್ಲ, ಉಸಿರು ಇರುವಾಗ ಗೆರೆ ದಾಟಿ ವಾಪಸ್ ಬರಬೇಕು. ಮೊದಲ ಹಂತದ ಟೆಲಿಪೋರ್ಟರ್ ಮತ್ತೆ ಸಜ್ಜಾಗಲು 20 ಸೆಕೆಂಡ್ ಬೇಕು, ಎರಡನೇ ಹಂತಕ್ಕೆ 15, ಮೂರನೆಯದಕ್ಕೆ 10. ಕಳಿಸಿದವರು ಇಪ್ಪತ್ತು ಸೆಕೆಂಡ್ ಅಲ್ಲಿ ಬದುಕಿ ಉಳಿಯುತ್ತಾರಾ ಅನ್ನುವುದನ್ನು ಕಳಿಸುವ ಮೊದಲೇ ಯೋಚಿಸಿ.

ಕಳಿಸುವ ಮೊದಲು ನಾನು ಹೀಗೆ ನೋಡಿಕೊಳ್ಳುತ್ತೇನೆ. ಒಳಗೆ ಜನ ಇದ್ದಾರಾ? ಜೋಲ್ಟನ್ ಶೀಲ್ಡ್ ಇದೆಯಾ? ಮೆಡ್‌ಬೇ ಇದೆಯಾ? ಇದ್ದರೆ ಮೊದಲು ಅದಕ್ಕೇ ಗುಂಡು. ಒಳಗಿರುವವರು ಜೋಲ್ಟನ್‌ಗಳಾದರೆ ಸಾಯುವಾಗ ಸ್ಫೋಟಿಸುತ್ತಾರೆ, ಪಕ್ಕದಲ್ಲಿರುವ ನಮ್ಮವರಿಗೂ ಗಾಯ. ಲೇನಿಯಸ್‌ಗಳಾದರೆ ಅವರಿರುವ ಕೋಣೆಯ ಆಮ್ಲಜನಕವನ್ನೇ ಹೀರಿಬಿಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಹಡಗು ಓಡಿಹೋಗಲು ಚಾರ್ಜ್ ಮಾಡುತ್ತಿದೆಯಾ? ನಮ್ಮವರು ಒಳಗಿರುವಾಗ ಅದು ಜಿಗಿದರೆ ಅವರು ಹೋದ ಹಾಗೆಯೇ. ಹಾಗೆ ಇಬ್ಬರನ್ನು ಕಳೆದುಕೊಂಡ ದಿನದಿಂದ ನಾನು ಮೊದಲು ಅವರ ಪೈಲಟಿಂಗ್ ಕೋಣೆಗೇ ಇಳಿಸುತ್ತೇನೆ. ಪೈಲಟಿಂಗ್ ಕೆಟ್ಟರೆ ಓಟ ನಿಲ್ಲುತ್ತದೆ.

ಮೈಂಡ್ ಕಂಟ್ರೋಲ್ ಒಂಟಿಯಾಗಿ ಅಂಥ ದೊಡ್ಡ ಯಂತ್ರ ಅಲ್ಲ. ಟೆಲಿಪೋರ್ಟರ್ ಜೊತೆಗಿದ್ದರೆ ಅದರ ಬೆಲೆ ಗೊತ್ತಾಗುತ್ತದೆ. ಇಬ್ಬರ ಎದುರು ಮೂವರು ಇದ್ದರೆ, ಅವರಲ್ಲಿ ಒಬ್ಬನನ್ನು ನಿಮ್ಮ ಕಡೆ ಎಳೆದುಕೊಂಡರೆ ಲೆಕ್ಕ ತಿರುಗುಮುರುಗು. ಮೊದಲ ಹಂತದಲ್ಲಿ 14 ಸೆಕೆಂಡ್, ಆಮೇಲೆ 20, ಕೊನೆಗೆ 28. ಆದರೆ ಆ ಕೋಣೆ ನಿಮಗೆ ಕಾಣುತ್ತಿರಬೇಕು. ನೆಬ್ಯುಲಾದಲ್ಲಿ, ಅಂದರೆ ಅನಿಲ ಮೋಡದೊಳಗೆ, ಸೆನ್ಸರ್ ಕೆಲಸ ಮಾಡುವುದಿಲ್ಲ, ಹಾಗಾಗಿ ಇದೂ ಕೈ ಕೊಡುತ್ತದೆ. ಸ್ಲಗ್ ಎಂಬ ಕುಲದವರ ಮೇಲಂತೂ ನಡೆಯುವುದೇ ಇಲ್ಲ. ಸ್ಲಗ್‌ಗಳು ಹೆಚ್ಚಾಗಿ ಸಿಗುವುದು ನೆಬ್ಯುಲಾದಲ್ಲೇ, ಅಲ್ವಾ? ಮೈಂಡ್ ಕಂಟ್ರೋಲ್ ನೆಚ್ಚಿಕೊಂಡಿದ್ದರೆ ನಕ್ಷೆಯಲ್ಲಿ ನೇರಳೆ ಬಣ್ಣದ ಸೆಕ್ಟರ್ ಬಿಟ್ಟು ಬೇರೆ ದಾರಿ ಹಿಡಿಯಿರಿ.

ದಾರಿ ಆರಿಸುವುದೂ ಸಜ್ಜಾಗುವುದರ ಒಂದು ಭಾಗ ಎಂದೇ ತಿಳಿಯಿರಿ. ನಿಮ್ಮ ಹತ್ತಿರ ಹೊರಗೆ ಹೋಗುವ ಯಂತ್ರಗಳೇ ಇದ್ದರೆ ಜೋಲ್ಟನ್ ಸೆಕ್ಟರ್ ಕಷ್ಟ. ಡಿಫೆನ್ಸ್ ಡ್ರೋನ್ ಇದ್ದರೆ ಮಿಸೈಲ್ ಇಷ್ಟಪಡುವ ರಾಕ್ ಜನರ ಸೆಕ್ಟರ್‌ಗೆ ಧೈರ್ಯವಾಗಿ ಹೋಗಬಹುದು. ಅಂಗಡಿಯಲ್ಲಿ ಏನು ಸಿಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಎಲ್ಲಿಗೆ ಹೋಗಬೇಕು ಅನ್ನುವುದು ತಕ್ಕಮಟ್ಟಿಗೆ ನಮ್ಮ ಕೈಯಲ್ಲಿದೆ.

ಆರನೇ ಹೆಜ್ಜೆ: ಪವರ್ ಎಲ್ಲಿಂದ ತರುವುದು?

ರಿಯಾಕ್ಟರ್ ಎಷ್ಟೇ ಬೆಳೆಸಿದರೂ 25 ಬಾರ್‌ಗೆ ನಿಲ್ಲುತ್ತದೆ. ನಾಲ್ಕು ಪದರದ ಶೀಲ್ಡ್‌ಗೇ ಎಂಟು ಬೇಕು. ವಿಶೇಷ ಯಂತ್ರಗಳಿಗೆಲ್ಲ ಸದಾ ಪವರ್ ಕೊಟ್ಟು ಕೂರುವುದು ದಂಡ. ಕ್ಲೋಕಿಂಗ್‌ಗೆ ಒತ್ತುವ ಕ್ಷಣದಲ್ಲಿ ಪವರ್ ಇದ್ದರೆ ಸಾಕು. ಆಮ್ಲಜನಕದಿಂದಲೋ ಮೆಡ್‌ಬೇಯಿಂದಲೋ ಒಂದು ಬಾರ್ ತೆಗೆದು ಕೊಡಿ. ಆದರೆ ಒಮ್ಮೆ ಒತ್ತಿದ ಮೇಲೆ ಬಿಡುವು ಮುಗಿಯುವ ತನಕ ಆ ಪವರ್ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಆಮ್ಲಜನಕ ಅರ್ಧ ನಿಮಿಷ ಇಲ್ಲದಿದ್ದರೆ ತೊಂದರೆ ಇಲ್ಲ. ಶೀಲ್ಡ್‌ನಿಂದ ಮಾತ್ರ ಕೀಳಬೇಡಿ.

ಬ್ಯಾಕಪ್ ಬ್ಯಾಟರಿಯನ್ನು ಜನ ಕಡೆಗಣಿಸುತ್ತಾರೆ, ನನಗೆ ಅದು ಬೇಸರ. 35 ಸ್ಕ್ರಾಪ್‌ಗೆ 30 ಸೆಕೆಂಡ್ ಕಾಲ ಎರಡು ಬಾರ್, ಮೇಲಿನ ಹಂತದಲ್ಲಿ ನಾಲ್ಕು. ಎಂಟರ ಲೆಕ್ಕದಲ್ಲಿ ಜಾಗವನ್ನೂ ಹಿಡಿಯುವುದಿಲ್ಲ. ಅಯಾನ್ ಬಿರುಗಾಳಿಯಲ್ಲಿ ರಿಯಾಕ್ಟರ್ ಅರ್ಧಕ್ಕೆ ಇಳಿದಾಗ ಈ ನಾಲ್ಕು ಬಾರ್ ಜೀವ ಉಳಿಸುತ್ತದೆ.

ಏಳನೇ ಹೆಜ್ಜೆ: ಅದೇ ಯಂತ್ರ ನಮ್ಮ ಮೇಲೆ ಬಂದರೆ

ಶತ್ರುವೂ ಹ್ಯಾಕ್ ಮಾಡುತ್ತಾನೆ. ಅವನ ಡ್ರೋನ್ ಹಾರಿಬರುತ್ತಿರುವಾಗ ನಿಮ್ಮ ಡಿಫೆನ್ಸ್ ಡ್ರೋನ್ ಕೆಲಸ ಮಾಡುತ್ತಿದ್ದರೆ ಹೊಡೆದು ಬೀಳಿಸುವ ಅವಕಾಶ ಇದೆ. ಮಾಮೂಲಿ ಮೊದಲ ನಮೂನೆಯ ಡಿಫೆನ್ಸ್ ಡ್ರೋನ್‌ಗೆ ಎರಡು ಬಾರ್ ಪವರ್ ಸಾಕು. ಡ್ರೋನ್ ಅಂಟಿಕೊಂಡುಬಿಟ್ಟರೆ ಅವನ ಹ್ಯಾಕಿಂಗ್ ಕೋಣೆಗೇ ಹೊಡೆಯಿರಿ. ಆ ಕೋಣೆ ಕೆಟ್ಟರೆ ಹ್ಯಾಕ್ ನಿಲ್ಲುತ್ತದೆ.

ಶತ್ರು ಕ್ಲೋಕ್ ಆದಾಗ ನಿಮ್ಮ ಆಯುಧವೂ ಚಾರ್ಜ್ ಆಗುವುದಿಲ್ಲ. ಹೊಡೆದ ಗುಂಡೂ ಹೆಚ್ಚಿನಂಶ ತಪ್ಪುತ್ತದೆ. ಮಿಸೈಲ್‌ಗಳನ್ನು ಆಗ ಬಿಡಲೇಬೇಡಿ. ತುಂಬಿದ ಆಯುಧಗಳನ್ನು ಹಿಡಿದುಕೊಂಡು ಕಾಯಿರಿ. ಅವನು ಕಾಣಿಸಿಕೊಂಡ ಮೇಲೆ ಒಟ್ಟಿಗೆ ಹಾರಿಸಿ, ಮೊದಲ ಗುರಿ ಕ್ಲೋಕಿಂಗ್ ಕೋಣೆ.

ನಿಮ್ಮ ಸಿಬ್ಬಂದಿಯ ಮೇಲೆ ಮೈಂಡ್ ಕಂಟ್ರೋಲ್ ಬಂದರೆ, ನಿಮ್ಮದನ್ನು ಅದೇ ವ್ಯಕ್ತಿಯ ಮೇಲೆ ಹಾಕಿದರೆ ಅವರದು ಕಳಚುತ್ತದೆ. ನಿಮ್ಮ ಹತ್ತಿರ ಆ ಯಂತ್ರ ಇಲ್ಲದಿದ್ದರೆ ಪಕ್ಕದಲ್ಲಿರುವವರನ್ನು ಆ ಕೋಣೆಯಿಂದ ಹೊರಗೆ ಕರೆಯಿರಿ, ಅವಧಿ ಮುಗಿಯುವ ತನಕ ಕಾಯಿರಿ. ನಮ್ಮವರೇ ನಮ್ಮವರನ್ನು ಕೊಲ್ಲುವುದು ಬೇಡ. ನುಗ್ಗಿ ಬಂದವರಿಗೆ ಹಳೆಯ ಉಪಾಯವೇ ಸಾಕು. ಬಾಗಿಲನ್ನು ಒಂದು ಹಂತ ಮೇಲೇರಿಸಿ, ಹೊರಬಾಗಿಲು ತೆಗೆದು ಗಾಳಿ ಖಾಲಿ ಮಾಡಿ.

ಕೊನೆಯ ಹೆಜ್ಜೆ: ಫ್ಲ್ಯಾಗ್‌ಶಿಪ್

ಅದು ಮೂರು ಹಂತಗಳಲ್ಲಿ ಬರುತ್ತದೆ. ಮೂರಕ್ಕೂ ಒಂದೇ ಉತ್ತರ ನಡೆಯುವುದಿಲ್ಲ. ಹಾಗಾಗಿ ಐದನೇ ಸೆಕ್ಟರ್‌ನಿಂದಲೇ ಅದನ್ನು ಮನಸ್ಸಿನಲ್ಲಿಟ್ಟು ಕೊಳ್ಳಿ.

ಮೊದಲ ಹಂತದಲ್ಲಿ ನಾಲ್ಕು ದೊಡ್ಡ ಆಯುಧಗಳು: ಅಯಾನ್, ಲೇಸರ್, ಮಿಸೈಲ್, ಬೀಮ್. ಎಲ್ಲಕ್ಕಿಂತ ಅಪಾಯ ಒಟ್ಟಿಗೆ ಮೂರು ಹಾರಿಸುವ ಮಿಸೈಲ್. ಅದು ನಿಮ್ಮ ಶೀಲ್ಡ್ ಅನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕ್ಲೋಕಿಂಗನ್ನು ಆ ಮೂರು ಮಿಸೈಲ್ ಹಾರಿದ ಗಳಿಗೆಗೇ ಕಾದಿಟ್ಟುಕೊಳ್ಳಿ. ಈಸಿ ಮತ್ತು ನಾರ್ಮಲ್‌ನಲ್ಲಿ ಆ ನಾಲ್ಕೂ ಆಯುಧಗಳ ಕೋಣೆಗಳು ಒಂದಕ್ಕೊಂದು ಸೇರಿಲ್ಲ, ಉಳಿದ ಹಡಗಿಗೂ ಸೇರಿಲ್ಲ. ಒಂದೊಂದರಲ್ಲಿ ಒಬ್ಬನೇ ಇರುತ್ತಾನೆ. ಟೆಲಿಪೋರ್ಟರ್ ಇದ್ದರೆ ಮಿಸೈಲ್ ಕೋಣೆಗೆ ಇಬ್ಬರನ್ನು ಇಳಿಸಿ. ಅವನ ಸಹಾಯಕ್ಕೆ ಯಾರೂ ಬರಲಾರರು. ಆದರೆ ಇಡೀ ಸಿಬ್ಬಂದಿಯನ್ನು ಮುಗಿಸಬೇಡಿ. ಎಲ್ಲರೂ ಸತ್ತರೆ ಕಂಪ್ಯೂಟರ್ ಹಡಗನ್ನು ನಡೆಸಲು ಶುರು ಮಾಡುತ್ತದೆ, ಆಮೇಲಿನ ಹಂತಗಳು ಕಷ್ಟವಾಗುತ್ತವೆ. ಲೇಸರ್ ಕೋಣೆಯವನನ್ನು ಬಿಟ್ಟುಬಿಡಿ.

ಅದರ ಶೀಲ್ಡ್ ನಾಲ್ಕು ಪದರ. ಹ್ಯಾಕಿಂಗ್ ಡ್ರೋನನ್ನು ಅಲ್ಲಿಗೇ ಕಳಿಸಿ, ಹ್ಯಾಕ್ ಒತ್ತಿ, ಪದರ ಇಳಿಯುವುದನ್ನು ನೋಡಿಕೊಂಡು ಎಲ್ಲ ಆಯುಧವನ್ನೂ ಒಟ್ಟಿಗೆ ಹಾರಿಸಿ. ಹ್ಯಾಕಿಂಗ್ ಎರಡನೇ ಹಂತಕ್ಕಾದರೂ ಏರಿರಲಿ. ನಾಲ್ಕು ಸೆಕೆಂಡ್ ಇಲ್ಲಿ ಸಾಲದು.

ಎರಡನೇ ಹಂತ ಡ್ರೋನ್‌ಗಳದು. ಆಗಾಗ ಪವರ್ ಸರ್ಜ್ ಎಂಬ ಎಚ್ಚರಿಕೆ ಬರುತ್ತದೆ, ಆಮೇಲೆ ಡ್ರೋನ್‌ಗಳ ಹಿಂಡೇ ನಿಮ್ಮ ಮೇಲೆ ಬೀಳುತ್ತದೆ. ಆ ಎಚ್ಚರಿಕೆ ಕಂಡಾಗ ಕ್ಲೋಕಿಂಗ್ ಸಜ್ಜಾಗಿರಬೇಕು. ಅಂದರೆ ಅದಕ್ಕೆ ಮೊದಲಿನ ಇಪ್ಪತ್ತು ಚಿಲ್ಲರೆ ಸೆಕೆಂಡ್ ಅದನ್ನು ಮುಟ್ಟಬಾರದು.

ಮೂರನೇ ಹಂತದಲ್ಲಿ ಫ್ಲ್ಯಾಗ್‌ಶಿಪ್ ದಪ್ಪನೆಯ ಜೋಲ್ಟನ್ ಶೀಲ್ಡ್ ಹೊದ್ದು ಬರುತ್ತದೆ. ಹೊರಗೆ ಹೋಗುವ ಯಂತ್ರಗಳೆಲ್ಲ ಆ ಹೊತ್ತಿಗೆ ಕೈಕಟ್ಟಿ ಕೂರಬೇಕು. ಮೊದಲ ಅರ್ಧ ನಿಮಿಷ ನಿಮ್ಮನ್ನು ಉಳಿಸುವುದು ಮನೆಯೊಳಗಿನ ಯಂತ್ರ ಮಾತ್ರ. ಬೇಗ ಬೇಗ ಹಾರುವ ಆಯುಧಗಳಿಂದ ಆ ಹೊದಿಕೆಯನ್ನು ಕೀಳುತ್ತಾ ಹೋಗಿ. ಗುರಿ ಯಾವ ಕೋಣೆ ಅನ್ನುವುದು ಆಗ ಮುಖ್ಯವಲ್ಲ, ತುಂಬಿದ ಆಯುಧವನ್ನು ಹಿಡಿದುಕೊಳ್ಳದೆ ಹಾರಿಸಿಬಿಡಿ. ಅವರ ಸಿಬ್ಬಂದಿ ಉಳಿದಿದ್ದರೆ ಈ ಹಂತದಲ್ಲಿ ನಿಮ್ಮ ಹಡಗಿಗೆ ನುಗ್ಗುತ್ತಾರೆ, ಹಾಗಾಗಿ ನಿಮ್ಮ ಹೋರಾಟಗಾರರು ಮನೆಯಲ್ಲೇ ಇರಲಿ. ಮಿಸೈಲ್‌ಗೆ ಒಂದು ಕ್ಲೋಕ್, ಲೇಸರ್ ಸರ್ಜ್‌ಗೆ ಇನ್ನೊಂದು. ಹಸಿರು ಹೊದಿಕೆ ಹರಿದ ಕ್ಷಣ ಸ್ಪೇಸ್ ಬಾರ್ ಒತ್ತಿ ಆಟ ನಿಲ್ಲಿಸಿ, ಶೀಲ್ಡ್ ಕೋಣೆಯನ್ನು ಆರಿಸಿ, ಅಷ್ಟು ಹೊತ್ತು ಉಳಿಸಿಟ್ಟ ಆ ಒಂದು ಹ್ಯಾಕಿಂಗ್ ಡ್ರೋನನ್ನು ಈಗ ಬಿಡಿ.